ಸೀಟಿನ ಹಿಂದಿನ ಗಂಟು

ಜಮಖಂಡಿ, ಮುಧೋಳದ ರಸ್ತೆಗಳಿಗೆ ಸೈಕಲ್ಲು ಹೊಸದಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ, ರಬಕವಿ-ಬನಹಟ್ಟಿಯ ನೂಲಿನ ಗಂಟು, ಸೀರೆಯ ಕಟ್ಟು ಎಲ್ಲವೂ ಕ್ಯಾರಿಯರ್ ಮೇಲೆ ಕುಳಿತು ತಿರುಗಾಡಿದ ಊರುಗಳಿವು. ಆದರೂ ಕ್ಯಾರಿಯರ್ ಇಲ್ಲದ, ಮಡ್‌ಗಾರ್ಡೂ ಇಲ್ಲದ, ಸೀಟಿನ ಬೆನ್ನಿಗೆ ಎರಡು ನೀರಿನ ಬಾಟಲಿ ಸಿಕ್ಕಿಸಿಕೊಂಡ ಸೈಕಲ್ಲು ಚಹಾದಂಗಡಿಯ ಮುಂದೆ ನಿಂತರೆ ಕುಳಿತವರು ಎದ್ದು ಬಂದು ನೋಡುತ್ತಾರೆ. ‘ಅಲ್ರೀ ಸರ, ನೀರಿನ ಬಾಟ್ಲಿ ಮುಂದ ಇಟ್ಕೊಳ್ಳೂದು ಬಿಟ್ಟು ಹಿಂದ ಯಾಕ ಕಟ್ಟೀರಿ?’ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಸರಿಯಾದ ಉತ್ತರ ಗೊತ್ತಿಲ್ಲದೆ ಸಾವಿರಾರು ರೂಪಾಯಿ ಸುರಿದು ಹೊರಗಿನಿಂದ ಸಾಮಾನು ತರಿಸಿ, ಅದನ್ನು ನಮ್ಮ ರಸ್ತೆಯ ಗುಂಡಿಗಳಲ್ಲಿ ಉದುರಿಸಿಕೊಳ್ಳುವ ಹುಡುಗರಿದ್ದಾರೆ. ಅವರಿಗಾಗಿಯೇ ಈ ವಾರದ ಅಂಕಣ.

ಈ ಸೈಕಲ್ಲು ಟ್ರಯಥ್ಲಾನ್‌ಗೆ ಮಾಡಿದ್ದು. ಈಜು, ಸೈಕಲ್ಲು, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆ ಅದು. ಅದರಲ್ಲಿ ಅತಿ ಹೆಸರಾದದ್ದು ಐರನ್‌ಮ್ಯಾನ್: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ಲು, ಕೊನೆಗೆ 42.2 ಕಿ.ಮೀ. ಓಟ. ಇದರ ಅರ್ಧ ದೂರದ ಸ್ಪರ್ಧೆಗೆ, ಒಟ್ಟು ದೂರವನ್ನು ಮೈಲಿಯಲ್ಲಿ ಕೂಡಿಸಿ 70.3 ಎಂದು ಹೆಸರಿಟ್ಟಿದ್ದಾರೆ. ಭಾರತದಲ್ಲಿ ಅದು ಮೊದಲು ನಡೆದದ್ದು 2019ರ ಅಕ್ಟೋಬರ್‌ನಲ್ಲಿ, ಗೋವಾದಲ್ಲಿ. 2024ರ ಅಕ್ಟೋಬರ್ 27ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಮುಗಿಸಿದ ಸುದ್ದಿ ಮನೆಮನೆಗೂ ಮುಟ್ಟಿತು. ನಮಗೆ ಗೋವಾ ದೂರವೂ ಅಲ್ಲ. ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದರೆ ಬಂತು.

ಸೈಕಲ್ ಸ್ಪರ್ಧೆಯ ಮಾತು ಬಂದಾಗ ವಿಜಯಪುರ, ಬಾಗಲಕೋಟೆ ಜಿಲ್ಲೆಗಳವರು ಯಾರಿಗೂ ತಲೆಬಾಗಬೇಕಿಲ್ಲ. ಈ ಎರಡೂ ಊರುಗಳ ಕ್ರೀಡಾ ವಸತಿ ನಿಲಯಗಳು, ಪಕ್ಕದ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ ಸೇರಿ ರಾಜ್ಯಕ್ಕೆ ಸಾಲುಸಾಲು ಸೈಕಲ್ ಪಟುಗಳನ್ನು ಕೊಟ್ಟಿವೆ. ರೈತರ, ಕೂಲಿಕಾರರ ಮಕ್ಕಳು ಇಲ್ಲಿಂದ ಹೊರಟು ರಾಷ್ಟ್ರೀಯ ಕೂಟಗಳಲ್ಲಿ ಪದಕ ತಂದಿದ್ದಾರೆ. ಆದರೆ ಅವರ ಯಾರ ಸೈಕಲ್ಲಿನಲ್ಲೂ ಸೀಟಿನ ಹಿಂದೆ ಬಾಟಲಿ ಕಾಣುವುದಿಲ್ಲ. ಕಾಣುವಂತೆಯೂ ಇಲ್ಲ. ಅವರು ಓಡಿಸುವುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಡಿ. ಆ ನಿಯಮದ ಪ್ರಕಾರ ಬಾಟಲಿ ಇರಬೇಕಾದದ್ದು ಚೌಕಟ್ಟಿನ ಒಳಗೆ, ಕೆಳಗಿನ ಕೊಳವೆಯ ಮೇಲೆ ಇಲ್ಲವೆ ಸೀಟಿನ ಕೊಳವೆಯ ಮೇಲೆ ಮಾತ್ರ. ಅಡ್ಡಳತೆ 4ರಿಂದ 10 ಸೆಂಟಿಮೀಟರು, ಹಿಡಿಯುವ ನೀರು 400ರಿಂದ 800 ಮಿಲಿಲೀಟರು ಎಂದು ಅಳತೆ ಸಹ ಗೊತ್ತು ಮಾಡಿದ್ದಾರೆ. ಗಾಳಿ ಸೀಳುವ ಉಪಾಯವನ್ನು ಬಾಟಲಿಯ ವೇಷದಲ್ಲಿ ಒಳಗೆ ತರಬಾರದು ಎಂಬುದೇ ಅದರ ಹಿಂದಿನ ಕಾಳಜಿ.

ರಸ್ತೆ ಓಟದವನಿಗೆ ಇಷ್ಟು ಸಾಕಾಗುತ್ತದೆ. ಅವನ ಹಿಂದೆ ಗಾಡಿ ಬರುತ್ತಿರುತ್ತದೆ. ಟೈರು ಪಂಕ್ಚರಾದರೆ ಕೈ ಎತ್ತಿದರಾಯಿತು, ಗಾಡಿಯಿಂದ ಇಳಿದವನು ಚಕ್ರವನ್ನೇ ಬದಲಿಸಿ ಬೆನ್ನು ನೂಕಿ ಕಳಿಸುತ್ತಾನೆ. ನೀರು ಬೇಕೆಂದರೆ ಕಿಟಕಿಯಿಂದ ಕೈ ಹೊರಗೆ ಬರುತ್ತದೆ. ಟ್ರಯಥ್ಲಾನ್‌ನವನ ಹಿಂದೆ ಯಾರೂ ಬರುವುದಿಲ್ಲ. ಹೊರಗಿನವರ ಸಹಾಯ ಪಡೆದರೆ ಅವನು ಸ್ಪರ್ಧೆಯಿಂದಲೇ ಹೊರಗೆ ಬೀಳಬಹುದು. ಸಂಘಟಕರು ದಾರಿಯಲ್ಲಿ ಅಲ್ಲಲ್ಲಿ ನೀರಿನ ಕಟ್ಟೆ ಇಟ್ಟಿರುತ್ತಾರೆ, ಅದು ಬಿಟ್ಟರೆ ಅವನಿಗೆ ಅವನೇ ಗತಿ. ಸೀಟಿನ ಹಿಂದಿನ ಗಂಟು ಹುಟ್ಟಿದ್ದು ಇಲ್ಲಿಂದ. ಅದನ್ನು ನೋಡಿ ಅನುಕರಿಸುವ ಮೊದಲು, ನಮ್ಮ ಬೆನ್ನಿಗೆ ಯಾರಿದ್ದಾರೆ, ಯಾರಿಲ್ಲ ಎಂದು ಕೇಳಿಕೊಂಡರೆ ಏನು ಕಟ್ಟಬೇಕು, ಏನು ಬಿಡಬೇಕು ಎನ್ನುವುದು ಅರ್ಧಕ್ಕರ್ಧ ಬಗೆಹರಿಯುತ್ತದೆ.

ಐರನ್‌ಮ್ಯಾನ್ ಹುಟ್ಟಿದಾಗ ಹೊರಗಿನವರ ಸಹಾಯ ಕೂಡದೆಂಬ ಈ ನಿಯಮ ಇರಲಿಲ್ಲ. 1978ರ ಫೆಬ್ರುವರಿ 18ರಂದು ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆಯಿತು. ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಸೇರಿ ಹೂಡಿದ ಸ್ಪರ್ಧೆ ಅದು. ಹೊರಟವರು 15 ಜನ, ಮುಟ್ಟಿದವರು 12. ಆಗ ಪ್ರತಿಯೊಬ್ಬನೂ ತನ್ನ ಸ್ನೇಹಿತರನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರಬೇಕಿತ್ತು. ನೀರು, ತಿನಿಸು ಕೊಡುವುದು ಅವರ ಹೊಣೆ. ಮುಂದೆ ಓಡುತ್ತಿದ್ದ ಜಾನ್ ಡನ್‌ಬಾರ್‌ನ ಗೆಳೆಯರ ಬಳಿ ಓಟದ ಹೊತ್ತಿಗೆ ನೀರು ಮುಗಿದುಹೋಗಿ, ಅವನಿಗೆ ಬಿಯರ್ ಕುಡಿಸಿದರು. ಗಾರ್ಡನ್ ಹಾಲರ್ ಅವನನ್ನು ಹಿಂದಿಕ್ಕಿ ಮೊದಲಿಗನಾದ. 1981ರಲ್ಲಿ ಸ್ಪರ್ಧೆ ಹವಾಯಿಯ ದೊಡ್ಡ ದ್ವೀಪಕ್ಕೆ, ಕೋನಾ ಊರಿಗೆ ಹೋಯಿತು. ಕಪ್ಪು ಲಾವಾ ಬಂಡೆಯ ಬಯಲು, ನೆರಳಿಲ್ಲದ ಹೆದ್ದಾರಿ, ಅಡ್ಡಗಾಳಿ. ಸ್ಪರ್ಧಿಗಳು ಹೆಚ್ಚಿದಂತೆ ಸ್ನೇಹಿತರ ಗಾಡಿಗಳು ದಾರಿಯಿಂದ ಮಾಯವಾದವು. ಗಾಡಿಯಲ್ಲಿದ್ದ ನೀರು, ಟ್ಯೂಬು, ಪಂಪುಗಳೆಲ್ಲ ಸೈಕಲ್ಲಿನ ಮೇಲೆ ಬಂದು ಕೂತವು.

ಎಲ್ಲಿ ಕೂರಿಸುವುದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಗಾಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರು ದಾಟಿದರೆ ನಾವು ಹಾಕುವ ಬಲದ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. 1989ರ ಟೂರ್ ದಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್, ಟ್ರಯಥ್ಲಾನ್‌ನವರು ಆಗಲೇ ಬಳಸುತ್ತಿದ್ದ ಮುಂಚಾಚಿನ ಹ್ಯಾಂಡಲ್ ಕಟ್ಟಿಕೊಂಡು, ಮೊಳಕೈ ಜೋಡಿಸಿ ಬಾಗಿ ಕುಳಿತು, ಲೋರಾಂ ಫಿನ್ಯೋನ್‌ನನ್ನು ಇಡೀ ಟೂರಿನ ಲೆಕ್ಕದಲ್ಲಿ ಬರೀ 8 ಸೆಕೆಂಡಿನಿಂದ ಸೋಲಿಸಿದ. ಅಲ್ಲಿಂದ ಮುಂದೆ ಮೈಗೆ ಗಾಳಿ ಎಷ್ಟು ತಾಗುತ್ತದೆ ಎನ್ನುವುದೇ ದೊಡ್ಡ ಲೆಕ್ಕವಾಯಿತು. ಕೃಷ್ಣೆಯ ಹರಿವಿಗೆ ಬಂಡೆಯೊಂದು ಅಡ್ಡ ನಿಂತಾಗ ಅದರ ಬೆನ್ನ ಹಿಂದೆ ನೀರು ಸುಳಿದು ಸುಮ್ಮನಾಗುವ ಜಾಗವೊಂದು ಇರುತ್ತದಲ್ಲ, ಸವಾರನ ಸೊಂಟದ ಹಿಂದೆ ಗಾಳಿಗೂ ಅಂಥದೊಂದು ಜಾಗವಿದೆ. ಗಾಳಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೈಗೆ ಬಡಿದು ಚದುರಿರುತ್ತದೆ. ಅಲ್ಲಿ ಬಾಟಲಿ ಇಟ್ಟರೆ ಹೊಸದಾಗಿ ತಡೆ ಹುಟ್ಟುವುದು ಕಡಿಮೆ. ಚೌಕಟ್ಟಿನ ಕೊಳವೆಯ ಮೇಲಿನ ದುಂಡು ಬಾಟಲಿ ಮಾತ್ರ ಎದುರು ಗಾಳಿಗೆ ಸಿಗುತ್ತದೆ.

ಆದರೆ ಈ ಲಾಭಕ್ಕೆ ಮಿತಿಯಿದೆ. ಬಾಟಲಿ ಸೊಂಟಕ್ಕೆ ಅಂಟಿದಂತೆ ತಗ್ಗಿನಲ್ಲಿ ಇದ್ದರೆ ಮಾತ್ರ ಅದು ಮರೆಯಲ್ಲಿರುತ್ತದೆ. ಮೇಲೆದ್ದು ನಿಂತರೆ, ಅಗಲವಾಗಿ ಎರಡು ಕಡೆ ಚಾಚಿದರೆ ಮತ್ತೆ ಗಾಳಿಗೆ ಸಿಕ್ಕಿತು. ಒಬ್ಬರ ಮೈಕಟ್ಟಿಗೆ ಹೊಂದಿದ ಜೋಡಣೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಅಷ್ಟಕ್ಕೂ ಕೆಲವೇ ಸೆಕೆಂಡುಗಳ ಈ ಉಳಿತಾಯ ಲೆಕ್ಕಕ್ಕೆ ಬರುವುದು ಮೊದಲ ಸಾಲಿನ ಸ್ಪರ್ಧಿಗಳಿಗೆ. ಸ್ಪರ್ಧೆ ಮುಗಿಸಿದರೆ ಸಾಕು ಎನ್ನುವವನಿಗೆ ಒಂದು ಬಾಟಲಿ ರಸ್ತೆಗೆ ಬಿದ್ದರೆ ಆಗುವ ನಷ್ಟದ ಮುಂದೆ ಗಾಳಿಯ ಲಾಭ ಏನೇನೂ ಅಲ್ಲ. ಬಾಟಲಿಗಳು ಬೀಳುತ್ತವೆ ಕೂಡ. ನುಣುಪು ಹೆದ್ದಾರಿಯ ದೇಶಗಳಲ್ಲಿಯೇ ಟ್ರಯಥ್ಲಾನ್ ಹಾದಿಯ ಮೊದಲ ರಸ್ತೆ ಉಬ್ಬಿನ ಆಚೆ ಬಾಟಲಿಗಳು ಚೆಲ್ಲಾಪಿಲ್ಲಿ ಬಿದ್ದಿರುತ್ತವೆ.

ನಮ್ಮ ರಸ್ತೆಗಳನ್ನು ನೋಡಿ. ಕೆಳಗಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿದು ಕುಗ್ಗುತ್ತದೆ, ಮೇಲಿನ ಡಾಂಬರು ವರ್ಷ ತುಂಬುವುದರೊಳಗೆ ಅಲೆಅಲೆಯಾಗುತ್ತದೆ. ಇದರ ಮೇಲೆ ಕಬ್ಬಿನ ಭಾರ ಬೇರೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ದುಡ್ಡು, ದುಡಿಮೆ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡ ತಾಲ್ಲೂಕು ನಮ್ಮದು. ನೀರು ಬಂತು, ಕಬ್ಬು ಬಂತು, ಮುಧೋಳದಂಥ ಕಡೆ ಕಾರ್ಖಾನೆಗಳು ನುರಿಸತೊಡಗಿದವು. ಆ ಏಳಿಗೆಯ ಬಗ್ಗೆ ಹೆಮ್ಮೆಯಿದೆ. ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಇದೇ ರಸ್ತೆಯ ಅಂಚು ಕುಸಿಯುತ್ತದೆ ಎನ್ನುವುದೂ ನಿಜ. ಟ್ರೇಲರಿನಿಂದ ಉದುರಿದ ಕಬ್ಬಿನ ಜಲ್ಲೆಯ ಮೇಲೆ 23 ಮಿಲಿಮೀಟರಿನ ತೆಳು ಟೈರು ಹತ್ತಿದರೆ ಸವಾರ ನೆಲಕ್ಕೆ ಬೀಳಬಹುದು. ಬಾಟಲಿಯ ಮಾತು ದೂರವೇ ಉಳಿಯಿತು.

ಬಾಟಲಿ ಹಾರುವುದು ಹೇಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮುಕ್ಕಾಲು ಲೀಟರಿನ ಎರಡು ತುಂಬಿದ ಬಾಟಲಿ ಅಂದರೆ ಹತ್ತಿರ ಹತ್ತಿರ 1.6 ಕಿಲೋ. ಅವುಗಳನ್ನು ಹೊತ್ತ ಪಟ್ಟಿಯನ್ನು ಸೀಟಿನ ಅಡಿಯ ಎರಡು ಸಪೂರ ಕಂಬಿಗಳಿಗೆ ಬಿಗಿದಿರುತ್ತಾರೆ. ಭಾರ ಕಂಬಿಯಿಂದ ಒಂದು ಗೇಣಿನಷ್ಟು ಹಿಂದಕ್ಕೆ ತೂಗುತ್ತಿರುತ್ತದೆ. ಹಿಂದಿನ ಚಕ್ರ ಗುಂಡಿಗೆ ಬಿದ್ದು ಎದ್ದಾಗ ಸೀಟು ಮೇಲಕ್ಕೆ ಚಿಮ್ಮಿ ಥಟ್ಟನೆ ಕೆಳಕ್ಕೆ ಇಳಿಯುತ್ತದೆ. ಬಾಟಲಿಗೆ ಸಿಕ್ಕ ಮೇಲ್ಮುಖ ವೇಗ ಹಾಗೇ ಉಳಿದಿರುತ್ತದೆ. ಸೀಟು ಇಳಿದರೂ ಬಾಟಲಿ ಏರುತ್ತಲೇ ಹೋಗುತ್ತದೆ. ಅದನ್ನು ಹಿಡಿದಿರುವುದು ಹೋಲ್ಡರಿನ ತಿಕ್ಕಾಟವೊಂದೇ. ಹೋಲ್ಡರ್ ನೆಟ್ಟಗೆ ನಿಂತಿದ್ದರೆ ಬಾಟಲಿಗೆ ಹೊರಬರುವ ದಾರಿಯೂ ನೇರ ಮೇಲಕ್ಕೇ, ಹಾಗಾಗಿ ಜಾರುವುದು ಇನ್ನೂ ಸುಲಭ. ಪ್ಲಾಸ್ಟಿಕ್ ಬಾಟಲಿ ಬಿಸಿಲಿಗೆ ಮೆತ್ತಗಾಗಿದ್ದರೆ, ಅರ್ಧ ಕುಡಿದು ಒಳಗೆ ನೀರು ಕುಲುಕುತ್ತಿದ್ದರೆ, ಹೊರಮೈಗೆ ಬೆವರೋ ಶರಬತ್ತೋ ಸವರಿದ್ದರೆ ಹಿಡಿತ ಮತ್ತಷ್ಟು ಸಡಿಲ.

ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರು. ಬಾಟಲಿ ಬಿದ್ದದ್ದು ಅರಿವಿಗೆ ಬರುವಷ್ಟರಲ್ಲಿ ಸವಾರ ಎಷ್ಟೋ ಮುಂದೆ ಹೋಗಿರುತ್ತಾನೆ. ಹಿಂದೆ ಬರುವವನ ಮುಂಚಕ್ರದ ಕೆಳಗೆ ಅದು ಸಿಕ್ಕರೆ ಅವನ ಕಾಲರ್ ಮೂಳೆ ಮುರಿಯಬಹುದು. ಹಿಂದೆ ಬರುವವನು ಸ್ಪರ್ಧಿಯೇ ಆಗಬೇಕಿಲ್ಲ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಬೈಕಿನವನೂ ಆಗಿರಬಹುದು. ಸ್ಪರ್ಧೆಯಲ್ಲಿ ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಡೆ ಬಾಟಲಿ, ಪೊಟ್ಟಣ ಬಿಸಾಡಿದವರಿಗೆ ದಂಡವೂ ಇದೆ. ನನಗೆ ದಂಡಕ್ಕಿಂತ ಆ ಬೈಕಿನವನ ಚಿಂತೆ ಹೆಚ್ಚು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜಮಖಂಡಿಯಿಂದ ರಬಕವಿಗೆ, ಮುಧೋಳಕ್ಕೆ, ಗಲಗಲಿಯ ಮೇಲೆ ಬೀಳಗಿಗೆ ಹೋಗಿಬರುವ ಅಭ್ಯಾಸಕ್ಕೆ ರೆಕ್ಕೆಯಂತೆ ಚಾಚಿದ ಜೋಡಿ ಬಾಟಲಿಯ ಪಟ್ಟಿ ಬೇಡ. ಸೀಟಿನ ಹಿಂದೆ ಏನಾದರೂ ಇರಲೇಬೇಕೆಂದರೆ ಒಂದೇ ಬಾಟಲಿ, ಅದೂ ತಗ್ಗಿನಲ್ಲಿ, ಹಿಂದಕ್ಕೆ ವಾಲಿಸಿ ಇರಲಿ. ವಾಲಿಸಿದರೆ ಗುಂಡಿಯ ನೆಗೆತ ಬಾಟಲಿಯ ಉದ್ದಕ್ಕೆ ನೇರವಾಗಿ ಬೀಳುವುದಿಲ್ಲ. ಕುಡಿಯುವ ನೀರು ಮುಂದೆ, ಎರಡು ಮೊಳಕೈಗಳ ನಡುವೆ ಮಲಗಿಸಿದ ಬಾಟಲಿಯಲ್ಲಿ ಇರಲಿ. ಕೈ ಅಲ್ಲೇ ಇರುತ್ತದೆ, ಕಣ್ಣು ರಸ್ತೆಯ ಮೇಲೇ ಇರುತ್ತದೆ. ಹಿಂದಿನದು ಬರೀ ದಾಸ್ತಾನು. ಮುಂದಿನದು ಖಾಲಿಯಾದಾಗ ನಿಂತು, ಇಲ್ಲವೆ ಖಾಲಿ ರಸ್ತೆ ನೋಡಿಕೊಂಡು ತೆಗೆಯಬೇಕಾದದ್ದು. ಓಡುವ ಸೈಕಲ್ಲಿನ ಮೇಲೆ ಒಂದು ಕೈ ಬಿಟ್ಟು, ಬೆನ್ನು ತಿರುಚಿ, ಹಿಂದಕ್ಕೆ ತಡಕಾಡುವುದು ಟ್ರ್ಯಾಕ್ಟರು ಎದುರಾಗುವ ರಸ್ತೆಯಲ್ಲಿ ಮಾಡುವ ಕೆಲಸವಲ್ಲ.

ಬಿಗಿತಕ್ಕೆ ದುಬಾರಿ ಸಾಮಾನೇನೂ ಬೇಕಿಲ್ಲ. ಹಗುರವೆಂದು ಮೆರೆಯುವ ಕಾರ್ಬನ್ ಹೋಲ್ಡರಿಗಿಂತ ಅಲ್ಯುಮಿನಿಯಂ ಸರಳಿನದು ಲೇಸು, ಸಡಿಲವಾದರೆ ಕೈಯಿಂದ ಒಳಕ್ಕೆ ಬಾಗಿಸಿ ಬಿಗಿ ಮಾಡಬಹುದು. ಯಾವ ಪಂಕ್ಚರ್ ಅಂಗಡಿಗೆ ಹೋದರೂ ಹಳೆಯ ಟ್ಯೂಬು ಬಿದ್ದಿರುತ್ತದೆ. ಅದರಿಂದ ಬೆರಳಗಲದ ಪಟ್ಟಿ ಕತ್ತರಿಸಿ ಹೋಲ್ಡರಿನ ಒಳಮೈಗೆ ಸುತ್ತಿದರೆ ಬಾಟಲಿ ಜಾರುವುದಿಲ್ಲ. ಇನ್ನೊಂದು ಪಟ್ಟಿಯನ್ನು ಬಾಟಲಿಯ ಕತ್ತಿನ ಮೇಲಿಂದ ಹಾಯಿಸಿ ಕೊಕ್ಕೆಗೆ ಸಿಕ್ಕಿಸಿದರೆ ಎಂಥ ಗುಂಡಿಗೂ ಅದು ಅಲ್ಲಾಡದು. ಕಂಬಿಗೆ ಬಿಗಿದ ಬೋಲ್ಟುಗಳಿಗೆ ಸಡಿಲಾಗದಂತೆ ಹಚ್ಚುವ ನೀಲಿ ಅಂಟು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ಹನಿ ಸಾಕು. ಕಾರಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ದೂರ ಹೋದರೆ ಇಳಿಸಿದ ತಕ್ಷಣ ಈ ಬೋಲ್ಟುಗಳನ್ನು ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು. ಪರೀಕ್ಷೆಗೆ ಪ್ರಯೋಗಶಾಲೆ ಬೇಕಿಲ್ಲ. ಹಳ್ಳಿಯ ಶಾಲೆಯ ಮುಂದೆ ಹಾಕಿರುವ ರಸ್ತೆ ಉಬ್ಬಿನ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದಾಗ, ತುಂಬಿದ ಬಾಟಲಿಯೊಂದಿಗೆ ನಾಲ್ಕೈದು ಸಲ ಹಾಯಿಸಿದರೆ ಸತ್ಯ ಹೊರಬೀಳುತ್ತದೆ.

ಇಲ್ಲೊಂದು ಮಾತು. ನೇಕಾರರ ಸೈಕಲ್ಲಿನ ಕ್ಯಾರಿಯರ್ ಮೇಲೆ ಸೀರೆಯ ಕಟ್ಟು ಅಲುಗದೆ ಕೂರುವುದಕ್ಕೆ ಕಾರಣವಿದೆ. ಕ್ಯಾರಿಯರಿನ ಕಾಲುಗಳು ಹಿಂದಿನ ಚಕ್ರದ ಅಚ್ಚಿಗೆ ಬಂದು ನಿಲ್ಲುತ್ತವೆ. ಭಾರ ನೇರ ಚಕ್ರಕ್ಕೆ ಇಳಿಯುತ್ತದೆ, ತೂಗಾಡುವುದಿಲ್ಲ. ಸೀಟಿನ ಕಂಬಿ ಸವಾರನನ್ನು ಹೊರಲು ಮಾಡಿದ್ದು. ಹಿಂದಕ್ಕೆ ಚಾಚಿ ಜೋತುಬಿದ್ದ ಭಾರ ಅದಕ್ಕೆ ಹೊಸದು. ಅಲ್ಲಿ ಹಾಕುವ ಒಂದೊಂದು ನೂರು ಗ್ರಾಮಿನ ಬಗ್ಗೆಯೂ ಲೆಕ್ಕವಿರಬೇಕು.

ಇನ್ನು ಪಂಕ್ಚರ್ ಸಾಮಾನು. ನನ್ನ ಮಟ್ಟಿಗೆ ಸೀಟಿನ ಹಿಂದೆ ಮೊದಲ ಹಕ್ಕು ಇದರದ್ದು, ಬಾಟಲಿಯದಲ್ಲ. ನೀರನ್ನು ಕೊಂಡುಕೊಳ್ಳಬಹುದು, ಬೇಡಿ ಕುಡಿಯಬಹುದು. ನಮ್ಮ ಭಾಗದಲ್ಲಿ ನೀರು ಕೇಳಿದವರಿಗೆ ಇಲ್ಲವೆಂದವರು ಯಾರೂ ಇಲ್ಲ. ಆದರೆ ತೆಳು ಟೈರಿಗೆ ಹೊಂದುವ ಟ್ಯೂಬು ನಡುದಾರಿಯಲ್ಲಿ ಹುಟ್ಟುವುದಿಲ್ಲ. ಪಂಕ್ಚರಿಗೆ ಬೇಕಾದದ್ದೆಲ್ಲ ನಮ್ಮ ನೆಲದಲ್ಲಿ ಧಾರಾಳವಾಗಿದೆ. ನೆಗ್ಗಿಲ ಮುಳ್ಳನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಒಣಗಿದ ಕಾಯಿ ಐದು ಹೋಳಾಗಿ ಒಡೆದು ಬೀಳುತ್ತದೆ. ಪ್ರತಿ ಹೋಳಿಗೂ ಗಟ್ಟಿಯಾದ ಕೊಂಬಿನಂಥ ಎರಡು ದೊಡ್ಡ ಮುಳ್ಳು, ಅವುಗಳ ಕೆಳಗೆ ಸಣ್ಣವು. ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶಕ್ಕೆ ಮುಖ ಮಾಡಿಯೇ ಇರುತ್ತದೆ. ಕುರಿಯ ಕಾಲಿಗೆ, ಟ್ರ್ಯಾಕ್ಟರಿನ ಗಾಲಿಗೆ ಅಂಟಿ ಹೊಲದಿಂದ ರಸ್ತೆಗೆ ಬರುತ್ತದೆ. ಇದಕ್ಕೆ ಜೊತೆಯಾಗಿ ಬಳ್ಳಾರಿ ಜಾಲಿ. ಹೆದ್ದಾರಿಯ ಅಂಚಿನಲ್ಲಾದರೆ ಸಿಡಿದ ಲಾರಿ ಟೈರಿನ ಕೂದಲೆಳೆಯಂಥ ಉಕ್ಕಿನ ತಂತಿ. ಮೂರರಲ್ಲಿ ತಂತಿಯೇ ಕೆಟ್ಟದ್ದು, ಕಣ್ಣಿಗೆ ಕಾಣುವುದಿಲ್ಲ.

ಪಂಕ್ಚರಾದಾಗ ಗಾಬರಿಯಿಂದ ಹೊಸ ಟ್ಯೂಬು ಹಾಕಿ ಗಾಳಿ ತುಂಬುವವರು ನೂರು ಹೆಜ್ಜೆ ಹೋಗಿ ಮತ್ತೆ ನಿಲ್ಲುತ್ತಾರೆ. ಹಳೆಯ ಟ್ಯೂಬಿನಲ್ಲಿ ತೂತು ಎಲ್ಲಿದೆ ನೋಡಿ, ಟೈರಿನಲ್ಲಿ ಅದೇ ಜಾಗ ಗುರುತಿಸಿ, ಒಳಮೈಯನ್ನು ಒಂದು ತುಂಡು ಬಟ್ಟೆಯಿಂದ ನಿಧಾನವಾಗಿ ಸವರಬೇಕು. ಬಟ್ಟೆಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿನ ತುದಿ ಉಳಿದಿದೆ ಎಂದರ್ಥ. ಬರಿಬೆರಳಿನಿಂದ ಸವರಿದರೆ ಬೆರಳು ಸೀಳುತ್ತದೆ. ಟೈರೇ ಹರಿದಿದ್ದರೆ ಹಳೆಯ ಟೈರಿನ ಎರಡು ಬೆರಳಗಲದ ತುಂಡನ್ನು ಒಳಗಿನಿಂದ ಆನಿಸಿದರೆ ಮನೆ ಮುಟ್ಟಬಹುದು. ಆಮೇಲೆ ಹೊಸ ಟ್ಯೂಬಿಗೆ ಬಾಯಿಂದ ಊದಿ ಚೂರು ಆಕಾರ ಬರಿಸಿ ಕೂರಿಸಬೇಕು, ಇಲ್ಲವಾದರೆ ರಿಮ್ಮು ಮತ್ತು ಟೈರಿನ ನಡುವೆ ಸಿಕ್ಕು ಅದೂ ಹರಿಯುತ್ತದೆ. ಈ ಕೆಲಸವನ್ನು ಮನೆಯ ಅಂಗಳದಲ್ಲಿ, ಆಮೇಲೆ ಕತ್ತಲೆಯಲ್ಲಿ, ಕೈಗೆ ಅಭ್ಯಾಸವಾಗುವ ತನಕ ಮಾಡಿ ನೋಡಬೇಕು.

ಗಾಳಿ ತುಂಬಲು ಟ್ರಯಥ್ಲಾನ್‌ನವರು ನೆಚ್ಚಿರುವುದು ಹೆಬ್ಬೆರಳ ಗಾತ್ರದ ಇಂಗಾಲದ ಡೈಆಕ್ಸೈಡಿನ ಗುಂಡನ್ನು. 16 ಗ್ರಾಮಿನ ಒಂದು ಗುಂಡಿನಲ್ಲಿರುವ ಅನಿಲ ಸಾಮಾನ್ಯ ಒತ್ತಡದಲ್ಲಿ ಎಂಟೂವರೆ ಲೀಟರಿಗೆ ಹತ್ತಿರ ಹಿಗ್ಗುತ್ತದೆ. 25 ಮಿಲಿಮೀಟರ್ ಟೈರಿನ ಒಳಗಿನ ಜಾಗ ಒಂದು ಲೀಟರಿನಷ್ಟು. ಅಷ್ಟು ಅನಿಲವನ್ನು ಇಷ್ಟು ಜಾಗಕ್ಕೆ ತುಂಬಿದರೆ ನೂರು ಪೌಂಡಿನ ಮೇಲೆ ಒತ್ತಡ ಬರುತ್ತದೆ. ಎಲ್ಲ ಕೆಲವೇ ಸೆಕೆಂಡಿನ ಕೆಲಸ. ಆದರೆ ಮೂತಿ ಸರಿಯಾಗಿ ಕೂರದಿದ್ದರೆ ಅದೇ ಕೆಲವು ಸೆಕೆಂಡಿನಲ್ಲಿ ಎಲ್ಲ ಗಾಳಿಪಾಲು. ಗುಂಡು ಹೆಪ್ಪುಗಟ್ಟುವಷ್ಟು ತಣ್ಣಗಾಗಿ ಬೆರಳಿಗೆ ಅಂಟುತ್ತದೆ. ಈ ಅನಿಲ ರಬ್ಬರಿನ ಮೂಲಕ ಬೇಗ ಸೋರುವುದರಿಂದ ಮರುದಿನ ಟೈರು ಮತ್ತೆ ಮೆತ್ತಗಾಗಿರುತ್ತದೆ.

2008ರಲ್ಲಿ ಕೋನಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ನಿನ ಕ್ರಿಸ್ಸಿ ವೆಲಿಂಗ್ಟನ್‌ಗೂ ಗುಂಡು ಹೀಗೆ ಕೈಕೊಟ್ಟಿತ್ತು. ಹಿಂದಿನ ವರ್ಷದ ಚಾಂಪಿಯನ್ ಆಕೆ. ಸೈಕಲ್ ಹಾದಿಯಲ್ಲಿ ಪಂಕ್ಚರಾಯಿತು, ಟ್ಯೂಬು ಬದಲಿಸಿದಳು, ಗುಂಡುಗಳು ಟೈರಿಗೆ ಗಾಳಿ ತುಂಬದೆ ಖಾಲಿಯಾದವು. ಹೊರಗಿನವರು ಕೊಡುವಂತಿಲ್ಲ. ಪ್ರತಿಸ್ಪರ್ಧಿಗಳು ಒಬ್ಬೊಬ್ಬರೇ ದಾಟಿ ಹೋಗುತ್ತಿದ್ದರು. ರಸ್ತೆಯಂಚಿನಲ್ಲಿ ನಿಂತು ಕೇಳುವುದೊಂದೇ ಉಳಿದ ದಾರಿ. ಆಸ್ಟ್ರೇಲಿಯಾದ ರೆಬೆಕಾ ಕೀಟ್ ತನ್ನಲ್ಲಿದ್ದ ಒಂದು ಗುಂಡನ್ನು ಅವಳತ್ತ ಎಸೆದು ಮುಂದೆ ಹೋದಳು. ವೆಲಿಂಗ್ಟನ್ ಟೈರು ತುಂಬಿಸಿ ಹೊರಟು, ಎಲ್ಲರನ್ನೂ ದಾಟಿ, ಎರಡನೆಯವಳಿಗಿಂತ ಹತ್ತಿರ ಹತ್ತಿರ 15 ನಿಮಿಷ ಮೊದಲು ಗುರಿ ಮುಟ್ಟಿದಳು. ಸ್ಪರ್ಧಿಗೆ ಸ್ಪರ್ಧಿ ನೆರವಾಗುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. ಕೀಟ್ ಕೊಟ್ಟ ಆ ಒಂದು ಗುಂಡಿನ ದೊಡ್ಡತನ ನನಗೆ ಆ ಗೆಲುವಿನಷ್ಟೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಅಭ್ಯಾಸಕ್ಕೆ ಗುಂಡಿಗಿಂತ ಕೈಪಂಪು ವಾಸಿ. ಎಷ್ಟು ಸಲ ಪಂಕ್ಚರಾದರೂ ಅದು ಮುಗಿಯುವುದಿಲ್ಲ, ಚೌಕಟ್ಟಿನ ಬದಿಗೆ ಕಟ್ಟಿದರೆ ಸೀಟಿಗೆ ಭಾರವೂ ಇಲ್ಲ. ಸ್ಪರ್ಧೆಯ ದಿನ ಬೇಕಾದರೆ ಎರಡು ಗುಂಡು ಇಟ್ಟುಕೊಳ್ಳಲಿ. ಇನ್ನೊಂದು ಸಣ್ಣ ಸಾಮಾನು ಬಹಳ ಜನ ಮರೆಯುತ್ತಾರೆ. ಈ ಸೈಕಲ್ಲುಗಳ ವಾಲ್ವು ಸಪೂರ, ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಬೈಕಿಗೆ ಗಾಳಿ ಹೊಡೆಯುವ ಕಂಪ್ರೆಸರಿನ ಮೂತಿ ಅದಕ್ಕೆ ಕೂರುವುದಿಲ್ಲ. ಬೆರಳುಗುರಿನಷ್ಟು ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೆ ತಿರುಗಿಸಿ ಕೂರಿಸಿದರೆ ಲೋಕಾಪುರದಲ್ಲಾಗಲಿ, ಮಹಾಲಿಂಗಪುರದಲ್ಲಾಗಲಿ ಯಾವ ಅಂಗಡಿಯಲ್ಲೂ ಗಾಳಿ ಹೊಡೆಸಬಹುದು. ಬೆಲೆಯೂ ಹೆಚ್ಚೇನಲ್ಲ. ಆಳದ ರಿಮ್ಮು ಇದ್ದವರು ಉದ್ದ ವಾಲ್ವಿನ ಟ್ಯೂಬನ್ನೇ ಇಡಬೇಕು. ಗಿಡ್ಡ ವಾಲ್ವಿನದು ರಿಮ್ಮಿನ ಹೊರಗೆ ತಲೆಯನ್ನೇ ಹಾಕುವುದಿಲ್ಲ.

ನೀರಿನ ಲೆಕ್ಕಕ್ಕೆ ಬರೋಣ. ಬಿಸಿಲಿನಲ್ಲಿ ಬಿರುಸಾಗಿ ತುಳಿಯುವವನ ಮೈಯಿಂದ ಗಂಟೆಗೆ ಒಂದು ಲೀಟರು, ಕೆಲವರಿಗೆ ಒಂದೂವರೆ ಲೀಟರು ಬೆವರು ಹೋಗುತ್ತದೆ. ಗಂಟೆಗೆ 30 ಕಿ.ಮೀ. ಹೋಗುವವನಿಗೆ 70.3ರ ಸೈಕಲ್ ಹಾದಿಯ 90 ಕಿ.ಮೀ.ಗೆ ಮೂರು ಗಂಟೆ ಬೇಕು. ಹೋದದ್ದನ್ನೆಲ್ಲ ಕುಡಿದು ತುಂಬಲಾಗದು, ತುಂಬಬೇಕಾಗಿಯೂ ಇಲ್ಲ. ಆದರೂ ಎರಡು ಲೀಟರಿನ ಆಸುಪಾಸು ಬೇಕೇ ಬೇಕು. ಮುಂದೊಂದು, ಚೌಕಟ್ಟಿನಲ್ಲೊಂದು, ಹಿಂದೊಂದು ಬಾಟಲಿಗೆ ಅದು ಮುಗಿಯಿತು. ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಹಿಂದಿನ ಬಾಟಲಿಯ ನೀರು ಎರಡನೆಯ ಗಂಟೆಗೆ ಕಾದಿರುತ್ತದೆ. ಅದನ್ನು ತಲೆಗೆ, ಬೆನ್ನಿಗೆ ಸುರಿದುಕೊಳ್ಳಲು ಇಟ್ಟು, ಕುಡಿಯುವುದಕ್ಕೆ ದಾರಿಯಲ್ಲಿ ತಣ್ಣನೆಯದು ತುಂಬಿಸಿಕೊಳ್ಳುವುದು ಜಾಣತನ.

ಮಹಾಲಿಂಗಪುರದ ಬೆಲ್ಲದ ಪೇಟೆ ಪಕ್ಕದಲ್ಲೇ ಇರುವವರು ಪರದೇಶದ ಪುಡಿಗೆ ದುಡ್ಡು ಸುರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅರ್ಧ ಲೀಟರು ನೀರಿಗೆ 30ರಿಂದ 40 ಗ್ರಾಮ್ ಬೆಲ್ಲ, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು. ಕರಗಿಸಿ ಸೋಸಿದರೆ ನೂರಕ್ಕೆ ಆರೆಂಟು ಪಾಲು ಸಕ್ಕರೆಯ ದ್ರಾವಣ ಸಿದ್ಧ. ಹೊಟ್ಟೆ ತಡೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಗಟ್ಟಿಯನ್ನು. ಸೋಸದಿದ್ದರೆ ಬಾಟಲಿಯ ಮೂತಿಯಲ್ಲಿ ಕಸ ಕಟ್ಟುತ್ತದೆ. ಬಿಸಿಲಿಗೆ ಬಿಟ್ಟರೆ ಹುಳಿಯಾಗುತ್ತದೆ, ಹಾಗಾಗಿ ಅಂದೇ ಕಲಸಿ ಅಂದೇ ಮುಗಿಸಬೇಕು. ಇದನ್ನು ಮುಂದಿನ ಬಾಟಲಿಗೆ ಹಾಕಿ, ಹಿಂದಿನದಕ್ಕೆ ಬರೀ ನೀರು.

ಬಾಟಲಿಯ ಚೆಂದದಲ್ಲಿ ಜನ ಮರೆಯುವುದು ಹಿಂದಿನ ದೀಪವನ್ನು. ಸೀಟಿನ ಕೆಳಗಿನ ಕೊಳವೆಗೆ ಕಟ್ಟಿದ ಕೆಂಪು ದೀಪವನ್ನು ಜೋಡಿ ಬಾಟಲಿ, ಪಂಕ್ಚರ್ ಸಾಮಾನಿನ ದಪ್ಪ ಚೀಲ ಸೇರಿ ಪೂರ್ತಿ ಮುಚ್ಚಿಬಿಡುತ್ತವೆ. ನಸುಕಿನಲ್ಲಿ ಹೊರಡುವ ನಮ್ಮ ಹುಡುಗರು ತಮ್ಮ ದೀಪ ಉರಿಯುತ್ತಿದೆ ಎಂದುಕೊಂಡೇ ಹೋಗುತ್ತಿರುತ್ತಾರೆ. ಹಿಂದಿನ ಟಂಟಂನವನಿಗೆ ಕಾಣುವುದು ಕತ್ತಲೆ ಮಾತ್ರ. ಸೈಕಲ್ಲನ್ನು ಗೆಳೆಯನ ಕೈಗೆ ಕೊಟ್ಟು, ಐವತ್ತು ಹೆಜ್ಜೆ ಹಿಂದೆ ಹೋಗಿ, ಲಾರಿಯವನ ಕಣ್ಣೆತ್ತರದಿಂದಲೂ ಬೈಕಿನವನ ಕಣ್ಣೆತ್ತರದಿಂದಲೂ ನೋಡಬೇಕು. ಕಾಣದಿದ್ದರೆ ದೀಪವನ್ನು ಪಟ್ಟಿಯ ತೀರ ಹಿಂದಿನ ತುದಿಗೆ ತರಬೇಕು. ಅಲ್ಲಿ ಜಾಗ ಇಲ್ಲವೆಂದರೆ ಬಾಟಲಿ ತೆಗೆಯಬೇಕು, ದೀಪವನ್ನಲ್ಲ. ಹಾಗೆಯೇ ಕಾಲು ಹಿಂದಿನಿಂದ ಎತ್ತಿ ಸೈಕಲ್ಲು ಹತ್ತುವ ನಮ್ಮ ರೂಢಿ ಇಲ್ಲಿ ನಡೆಯದು. ಬೂಟು ಬಾಟಲಿಗೆ ಬಡಿದು ಸವಾರ ಮಗುಚುತ್ತಾನೆ. ಸೈಕಲ್ಲನ್ನು ತನ್ನ ಕಡೆಗೆ ವಾಲಿಸಿ, ಕಾಲನ್ನು ಮಡಚಿ ಸೀಟಿನ ಮುಂಭಾಗದ ಮೇಲಿಂದ ದಾಟಿಸುವುದನ್ನು ಕಲಿಯಬೇಕು.

ಗೋವಾದ ಸ್ಪರ್ಧೆ ನಡೆದದ್ದು ಅಕ್ಟೋಬರ್‌ನಲ್ಲಿ ಎಂದೆನಲ್ಲ. ಆ ತಿಂಗಳ ಸ್ಪರ್ಧೆಗೆ ತಯಾರಾಗುವವರ ಕೊನೆಯ ಎರಡು ತಿಂಗಳ ಅಭ್ಯಾಸವೆಲ್ಲ ನಮ್ಮಲ್ಲಿ ಮಳೆಗಾಲದ ಎರೆಮಣ್ಣಿನ ಕೆಸರಿನ ಮೇಲೆ. ಮಡ್‌ಗಾರ್ಡ್ ಇಲ್ಲದ ಹಿಂದಿನ ಚಕ್ರ ಎರಚುವ ಕೆಸರು ನೇರ ಹೋಗಿ ಬೀಳುವುದು ಸೀಟಿನ ಹಿಂದಿನ ಬಾಟಲಿಯ ಮೂತಿಗೆ ಮತ್ತು ಚೀಲದ ಜಿಪ್ಪಿಗೆ. ದನಕರು ಓಡಾಡುವ ರಸ್ತೆಯ ಕೆಸರದು, ಹೊಟ್ಟೆಗೆ ಹೋದರೆ ಒಂದು ವಾರದ ಅಭ್ಯಾಸ ಹಾಳು. ಹಿಂದಿನ ಬಾಟಲಿಯ ಮೂತಿಗೆ ಮುಚ್ಚಳ ಇರಲೇಬೇಕು, ಬಾಯಿಗೆ ಇಡುವ ಮೊದಲು ಒರೆಸಲೇಬೇಕು. ಚೀಲವನ್ನು ವಾರಕ್ಕೊಮ್ಮೆ ಬಿಚ್ಚಿ ಒಣಗಿಸದಿದ್ದರೆ ಪಾನಾಗಳಿಗೆ ತುಕ್ಕು ಹಿಡಿಯುತ್ತದೆ. ಟ್ಯೂಬನ್ನು ಬರಿದಾಗಿ ಪಾನಾಗಳ ಜೊತೆ ತುರುಕಿದರೆ ತಿಂಗಳುಗಟ್ಟಲೆ ಕುಲುಕಾಟಕ್ಕೆ ಉಜ್ಜಿ ಉಜ್ಜಿ ತೂತು ಬೀಳುತ್ತದೆ. ಬಿಚ್ಚಿ ಹಾಕಿದಾಗಲೇ ಅದು ಗೊತ್ತಾಗುವುದು. ಟ್ಯೂಬಿಗೆ ಟಾಲ್ಕಂ ಪೌಡರ್ ಸವರಿ, ವಾಲ್ವಿನ ತಲೆಗೆ ಟೋಪಿ ಹಾಕಿ, ಒಂದು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಟೈರಿನ ಒಳಮೈ ಸವರಿ ಮುಳ್ಳು ಹುಡುಕಲೂ ಅದೇ ಬಟ್ಟೆ ಬೇಕಾಗುತ್ತದೆ.